ಊರಿಗೆ ತಂದ ಕಾಡಿನ ಮಾತು

ನನ್ನ ನಶ್ಯದ ಡಬ್ಬಿಯನ್ನು ನೋಡಿದವರೆಲ್ಲ ಒಂದು ಸಲ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಅಲ್ಯುಮಿನಿಯಂ ಡಬ್ಬಿ, ತಿರುಪಿನ ಮುಚ್ಚಳ. ನಾನು ಮಳೆಯಲ್ಲಿ ತೊಯ್ದು ತೊಪ್ಪೆಯಾದರೂ ಒಳಗಿನ ನಶ್ಯಕ್ಕೆ ತೇವ ತಾಗದು. ಎಲ್ಲಿ ಕೊಂಡ್ರಿ ಎಂದು ಕೇಳುತ್ತಾರೆ. ಇದು ಕ್ಯಾಮೆರಾದ ರೀಲು ಬರುವ ಡಬ್ಬಿ ಎಂದರೆ ನಂಬುವುದಿಲ್ಲ. ಲಾರಿ ಓಡಿಸುವವನಿಗೂ ಕ್ಯಾಮೆರಾಕ್ಕೂ ಏನು ಸಂಬಂಧ ಎಂದು ನನ್ನ ಮುಖ ನೋಡುತ್ತಾರೆ. ನನ್ನ ಹೆಂಡತಿಗಂತೂ ಈ ಡಬ್ಬಿ ಕಂಡರಾಗದು. "ಸೀನೋದು ಸೀನ್ತಾರ, ಅದ್ಕೂ ದೊರೆಗಳ ಡಬ್ಬಿ ಬೇಕು ಇವ್ರ್ಗ" ಎನ್ನುತ್ತಾಳೆ.

ಸಂಬಂಧ ಇತ್ತು. ಆರು ವರ್ಷ ಚೆನ್ನಾಗಿಯೇ ಇತ್ತು. ಅದು ಹೇಗೆ ಕಡಿದುಹೋಯಿತು ಎಂಬುದನ್ನು ಇದುವರೆಗೆ ಒಬ್ಬನಿಗೆ ಮಾತ್ರ ಹೇಳಿದ್ದೇನೆ. ಅವನಿಗೂ ಹೊತ್ತು ಮೀರಿದ ಮೇಲೆಯೇ ಹೇಳಿದ್ದು.

ನನಗೆ ಬರೆದು ಅಭ್ಯಾಸವಿಲ್ಲ. ಮಾತು ಅಲ್ಲಿ ಇಲ್ಲಿ ಹೋದರೆ ನೀವೇ ಹೊಂದಿಸಿಕೊಳ್ಳಬೇಕು. ನಮ್ಮದು ಅಗರ. ಮಿಡ್ಲ್ ಸ್ಕೂಲಿಗೆಂದು ಯಳಂದೂರಿಗೆ ನಡೆದು ಹೋಗುತ್ತಿದ್ದೆ. ಒಂದು ದಿನ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ನೋಡ್ರಯ್ಯ, ಮಾದಪ್ಪನ ಮನೆ ಕೋಳಿ ಬರೆದಿದೆ" ಎಂದರು. ಎಲ್ಲರೂ ನಕ್ಕರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಮೇಷ್ಟ್ರು ನಮ್ಮ ಮನೆ ಬಾಗಿಲಿಗೆ ಬಂದು, 'ಬಾರಪ್ಪ ಮಾದಪ್ಪ, ತಪ್ಪಾಯಿತು' ಎನ್ನಲಿ ಎಂದು ಕಾದೆ. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಅಷ್ಟು ಹುಡುಗರಲ್ಲಿ ಒಬ್ಬ ಕಡಿಮೆಯಾದದ್ದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ. ಕೊಳ್ಳೇಗಾಲ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ಊರೂರೇ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗಿದ್ದಾಗ ನಾನು ಸ್ಕೂಲು ಬಿಟ್ಟದ್ದನ್ನು ಯಾರು ಕೇಳುತ್ತಾರೆ? ಕೇಳಿದ್ದು ಅಪ್ಪ ಒಬ್ಬನೇ, ಅದೂ ಬಾರುಗೋಲು ಹಿಡಿದು.

ಕೊಳ್ಳೇಗಾಲಕ್ಕೆ ಹೋಗಿ ಲಾರಿ ಕ್ಲೀನರ್ ಆದೆ. ಗೌಡರ ಮಗ ಟೈರು ತೊಳೆಯುತ್ತಾನೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಇನ್ನೂ ಚೆನ್ನಾಗಿ ತೊಳೆದೆ. ಮೈ ಬಗ್ಗಿಸಿ ದುಡಿಯುವುದಕ್ಕೆ ನಾನು ಎಂದೂ ಹಿಂದೆ ಬಿದ್ದವನಲ್ಲ. ಬಗ್ಗದೆ ಇದ್ದದ್ದು ಕತ್ತು ಮಾತ್ರ. ಕೆಲವು ವರ್ಷಕ್ಕೆ ಡ್ರೈವರ್ ಆದೆ. ಆಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಒಂದು ಹಳೇ ಜೀಪು ನನ್ನ ಪಾಲಿಗೆ ಬಂತು. ಮುಂದುಗಡೆ ಹ್ಯಾಂಡಲ್ ತೂರಿಸಿ ತಿರುವಿದರೆ ಸ್ಟಾರ್ಟ್ ಆಗುವುದು. ಕೆಲವು ಸಲ ಅದು ನನ್ನನ್ನೇ ತಿರುವಿ ಹಾಕುವುದು. ಆ ಜೀಪಿನಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಾಡಿಗೆ ಹೊಡೆಯತೊಡಗಿದೆ.

ಹಾಗೆ ಬಂದವರು ಡಾಕ್ಟರು. ಮೈಸೂರಿನವರು, ಹಲ್ಲಿನ ಡಾಕ್ಟರು. ವರ್ಷಕ್ಕೆ ಮೂರು ನಾಲ್ಕು ಸಲ ಸ್ನೇಹಿತರನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಯಳಂದೂರಿಗೆ ಬಂದಿಳಿಯುವರು. ಎಲ್ಲರ ಕೊರಳಲ್ಲೂ ಕ್ಯಾಮೆರಾ. ದೇವರ ದರ್ಶನ ಐದು ನಿಮಿಷ, ಜಿಂಕೆ ದರ್ಶನ ಮೂರು ದಿನ. ಇಷ್ಟು ದೂರ ಬಂದು ಕೋವಿ ಇಲ್ಲದೆ ಬರಿಗೈಲಿ ಹೋಗುತ್ತಾರಲ್ಲ, ಇವರಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಕೆಲಸ ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಜೀಪನ್ನು ಸದ್ದಿಲ್ಲದೆ ಬಿಡಬೇಕು. ನಿಂತ ಮೇಲೆ ಒಬ್ಬರೂ ಅಲುಗಬಾರದು, ಅಲುಗಿದರೆ ಚಿತ್ರ ನಡುಗುತ್ತದೆ. ಡಾಕ್ಟರು ಉಸಿರು ಬಿಗಿಹಿಡಿದು ಒಂದು ಕ್ಲಿಕ್ ಹೊಡೆಯುವುದಕ್ಕೆ ಅರ್ಧ ಗಂಟೆ ಕಾಯುವರು. ಹಲ್ಲು ಕೀಳುವಾಗಲೂ ಇಷ್ಟು ಹೊತ್ತು ಮಾಡುತ್ತಾರೇನೋ ಎಂದು ರೋಗಿಗಳ ಬಗ್ಗೆ ಅಯ್ಯೋ ಅನ್ನಿಸುತ್ತಿತ್ತು. ಒಂದು ಸಲ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು. ನಾನು ಮೀಸೆ ತೀಡಿ ಎದೆ ಸೆಟೆದು ನಿಂತೆ. ಮುಂದಿನ ಸಲ ಬಂದಾಗ ಚಿತ್ರ ತೋರಿಸಿದರು. ನನ್ನ ಹಿಂದಿನ ಮರದಲ್ಲಿದ್ದ ಮುಸುವ ಕೋತಿ ಬಹಳ ಚೆನ್ನಾಗಿ ಬಂದಿತ್ತು. ಮೂಲೆಯಲ್ಲಿದ್ದ ಒಂದು ಕಿವಿ ನನ್ನದು.

ಬಂದವರಿಗೆ ನಾನೇ ಗೈಡು. ಆದರೆ ನನಗೆ ಗೈಡು ಜಡೆಯ. ಅವನು ಬೆಟ್ಟದ ಸೋಲಿಗ, ಪೋಡು ಎನ್ನುವ ಅವರ ಹಾಡಿಯವನು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಆದರೂ ನನ್ನನ್ನು ಅಣ್ಣ ಎನ್ನುವನು, ನಾನು ಅವನನ್ನು ಹೆಸರು ಹಿಡಿದು ಕರೆಯುವೆ. ಆಗ ಅದು ನಮ್ಮಿಬ್ಬರಿಗೂ ಸಹಜವಾಗಿಯೇ ಇತ್ತು. ಜೀಪಿನ ಎಡಗಡೆಯ ಮಡ್‌ಗಾರ್ಡ್ ಮೇಲೆ ಕಾಲು ಇಳಿಬಿಟ್ಟು ಕೂರುವನು. ಬಾನೆಟ್ ಮೇಲೆ ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೋಗು. ಅವನು ಮೆಲ್ಲಗೆ, "ಎಡಕ್ಕ, ಬಿದ್ರ ಮೆಳೇಲಿ, ಕಡವೆ" ಎನ್ನುವನು. ನಾನು ಹಿಂದೆ ತಿರುಗಿ, ಆಗಲೇ ನೋಡಿದವನ ಹಾಗೆ, "ಎಡಗಡೆ ನೋಡಿ ಸ್ವಾಮಿ, ಬಿದಿರಿನಲ್ಲಿ ಕಡವೆ" ಎನ್ನುವೆ. ಬಂದವರು, "ಏನ್ರೀ ಕಣ್ಣು ನಿಮ್ಮದು ಮಾದಪ್ಪನವರೇ!" ಎನ್ನುವರು. ನಾನು ಬೇಡ ಎನ್ನುತ್ತಿರಲಿಲ್ಲ. ಜಡೆಯ ಮುಂದೆ ನೋಡಿಕೊಂಡು ನಗುವನು. ಅವನ ಭುಜ ಕುಣಿಯುವುದು ನನಗೆ ಕಾಣುತ್ತಿತ್ತು.

ಅವನದೊಂದು ಕಟ್ಟಳೆ ಇತ್ತು, ಅವನ ಅಪ್ಪ ಹಾಕಿಕೊಟ್ಟದ್ದು. ಬೆಟ್ಟದ ಬುಡದಲ್ಲಿ ಅರಣ್ಯದವರ ಗೇಟು ಇದೆಯಲ್ಲ, ಅದನ್ನು ದಾಟಿ ಊರಿಗೆ ಇಳಿದ ಮೇಲೆ ಕಾಡಿನ ಮಾತು ಆಡಬಾರದು. ಯಾವ ಮೃಗ ಎಲ್ಲಿ ನೀರು ಕುಡಿಯುತ್ತದೆ, ಎಲ್ಲಿ ಮರಿ ಹಾಕಿದೆ, ಎಲ್ಲಿ ಮಲಗುತ್ತದೆ, ಒಂದೂ ಬಾಯಿ ಬಿಡಬಾರದು. ಯಳಂದೂರಿನ ಹೋಟೆಲಿನಲ್ಲಿ ಯಾರೋ, "ಬೆಟ್ಟದಲ್ಲಿ ಹುಲಿ ಇದ್ದಾವೇನಪ್ಪ?" ಎಂದು ಕೇಳಿದರೆ ಜಡೆಯ, "ನನ್ಗೇನ್ ಗೊತ್ತು ಸಾ, ನಾನು ಸೌದ ಆಯೋನು" ಎಂದು ಬಿಡುವನು. ಅದೇ ಬೆಳಿಗ್ಗೆ ನಾವು ಹುಲಿಯ ಹೆಜ್ಜೆಯ ಪಕ್ಕ ಕೂತು ಬುತ್ತಿ ಉಂಡಿರುತ್ತಿದ್ದೆವು.

"ಅಲ್ಲ ಕಣ್ಲಾ, ಯೋಳುದ್ರ ನಿನ್ನ ಗಂಟೇನು ಓದದು?" ಎಂದು ನಾನು ರೇಗಿಸುತ್ತಿದ್ದೆ.

"ನಂದೇನೂ ಓಗಲ್ಲ ಅಣ್ಣ. ಅದ್ರುದು ಓಯ್ತದ."

ನನಗೆ ಅದು ಬೆಟ್ಟದವರ ಮೂಢನಂಬಿಕೆ ಅನ್ನಿಸಿತ್ತು.

ಒಂದು ಸಲ ಡಾಕ್ಟರು ಜೀಪಿನಿಂದ ಇಳಿಯುತ್ತ ಹೇಳಿದರು: "ಮಾದಪ್ಪ, ನನ್ನ ಹತ್ತಿರ ಕಾಟಿಯ ಹಿಂಭಾಗದ ಚಿತ್ರಗಳೇ ಒಂದು ಆಲ್ಬಂ ತುಂಬ ಇವೆ. ಮುಖ ಯಾವಾಗ ತೋರಿಸ್ತೀಯಪ್ಪ?" ಕಾಟಿ ಎಂದರೆ ಕಾಡುಕೋಣ. ಬೆಟ್ಟದಲ್ಲಿ ಅವು ಬೇಕಾದಷ್ಟಿದ್ದವು, ಆದರೆ ಜೀಪಿನ ಸದ್ದು ಕೇಳಿದರೆ ಬೆನ್ನು ತಿರುಗಿಸಿ ಹೊರಟುಬಿಡುತ್ತಿದ್ದವು. ಡಾಕ್ಟರು ನಗುತ್ತಲೇ ಹೇಳಿದರು. ಅವರ ಸ್ನೇಹಿತರೂ ನಕ್ಕರು. ನನಗೆ ಯಳಂದೂರಿನ ತರಗತಿಯ ನಗುವೇ ಕೇಳಿಸಿತು.

ಮರುವಾರವೇ ಒಂದು ಮೂಟೆ ಕಲ್ಲುಪ್ಪು ತಂದೆ. ದಾರಿಯಿಂದ ಸ್ವಲ್ಪ ಒಳಗೆ ಒಂದು ಬಯಲಿತ್ತು, ಅದರ ನಡುವೆ ಒಂದು ಹಾಸುಗಲ್ಲು. ಅದರ ಮೇಲೆ ಉಪ್ಪು ಸುರಿಯೋಣ ಎಂದೆ. ಜಡೆಯ ಒಪ್ಪಲಿಲ್ಲ.

"ಬ್ಯಾಡ ಕಣಣ್ಣ. ಕಾಡ್ನಲ್ಲಿ ಉಪ್ಪುನ್ ಮಣ್ಣು ಅದ, ಅವೇ ನೆಕ್ಕತವ. ನಾವು ಇಕ್ಕುದ್ರ ನಮ್ಮ ಕೈ ನೋಡ್ಕಂಡು ನಿಂತವ."

"ನಿಂತ್ಕಳ್ಲಿ ಅಂತಾನೆ ಇಕ್ಕದು ಕಣ್ಲಾ! ಡಾಕ್ಟ್ರು ಏನ್ ಕೊಂದಾರಾ? ಪಟ ಇಡ್ಕಂಡು ಓಯ್ತಾರ."

ಡಾಕ್ಟರ ಮೇಲೆ ಅವನಿಗೂ ವಿಶ್ವಾಸವಿತ್ತು. ಗೊಣಗಿಕೊಂಡೇ ಉಪ್ಪು ಸುರಿದ. ಅದಕ್ಕೆ ನಾನು ನನ್ನದೊಂದು ಜಾಣತನ ಸೇರಿಸಿದೆ. ಉಪ್ಪು ಹಾಕಿದಾಗೆಲ್ಲ ಸೀಮೆಎಣ್ಣೆಯ ಖಾಲಿ ಡಬ್ಬವನ್ನು ಸ್ಪ್ಯಾನರಿನಿಂದ ಟಣ್ ಟಣ್ ಟಣ್ ಎಂದು ಮೂರು ಸಲ ಬಡಿಯುತ್ತಿದ್ದೆ. ಮನೆಯಲ್ಲಿ ಅಮ್ಮ ಕಲಗಚ್ಚಿನ ಬಾನಿಯನ್ನು ಬಡಿದರೆ ಎಮ್ಮೆ ಓಡಿ ಬರುತ್ತಿರಲಿಲ್ಲವೇ? ಇದೂ ಒಂದು ಎಮ್ಮೆಯೇ ಎಂದು ನನ್ನ ಲೆಕ್ಕ.

ನಾಲ್ಕೈದು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಡಬ್ಬ ಬಡಿದು ಜೀಪಿನಲ್ಲಿ ಕೂತಿದ್ದೇವೆ, ಲಂಟಾನದ ಪೊದೆ ಎರಡಾಗಿ ಸೀಳಿ ಒಂದು ಕಾಟಿ ಬಂದು ನಿಂತಿತು. ಹಿಂಡು ಬಿಟ್ಟ ಒಂಟಿ ಮುದಿ ಹೋರಿ. ಕರಿ ಕಲ್ಲಿನಂಥ ಮೈ, ಮೊಣಕಾಲಿನವರೆಗೆ ಬಿಳಿ ಕಾಲುಚೀಲ, ಎಡಗಿವಿ ಹರಿದಿತ್ತು. ಜಡೆಯ ನನ್ನ ಮೊಣಕೈ ಹಿಡಿದುಕೊಂಡ. "ಇವ ನನ್ಗ ಗೊತ್ತು ಕಣಣ್ಣ. ನನ್ನ ಮದ್ವ ವರ್ಸ ಇವ್ನು ಇಂಡ್ಗ ಯಜಮಾನ್ನಾಗಿದ್ದ. ತಾತ ಆಗೋಗವ್ನ ನೋಡು." ಅಂದಿನಿಂದ ಅದರ ಹೆಸರು ತಾತ.

ಆಮೇಲೆ ತಾತ ತಪ್ಪಿಸಲಿಲ್ಲ. ಟಣ್ ಟಣ್ ಟಣ್ ಎಂದರೆ ಕಾಲು ಗಂಟೆಯಲ್ಲಿ ಹಾಜರು. ಡಾಕ್ಟರು ಹದಿನೈದು ಮಾರು ದೂರದಿಂದ ನೇರ ಮುಖದ ಚಿತ್ರ ಹಿಡಿದರು. ತುಟಿಯ ಮೇಲೆ ಉಪ್ಪಿನ ಹರಳು ಕಾಣುತ್ತಿತ್ತು. ಅವತ್ತು ಅವರು ಮುಗಿದ ರೀಲನ್ನು ಜೋಪಾನ ಮಾಡಿಕೊಂಡು, ಹೊಸ ರೀಲು ಬಿಚ್ಚಿದ ಖಾಲಿ ಡಬ್ಬಿಯನ್ನು ನನ್ನ ಅಂಗೈಗೆ ಹಾಕಿ, "ಇದು ನಿನ್ನ ಚಿತ್ರ ಕಣಯ್ಯ ಮಾದಪ್ಪ, ನಾನು ಗುಂಡಿ ಒತ್ತಿದೆ ಅಷ್ಟೇ" ಎಂದರು. ಬೇಡ ಬೇಡ ಎಂದಿದ್ದ ಜಡೆಯನೂ ಉಪ್ಪಿನ ಮೇಲ್ವಿಚಾರಕನಾದ. ನಾನು ಬಾರದ ವಾರದಲ್ಲೂ ಜಡೆಯ ತಾನೇ ಯಳಂದೂರಿನಿಂದ ಉಪ್ಪು ಹೊತ್ತು ಹೋಗಿ ತಾತನನ್ನು ಮಾತಾಡಿಸಿ ಬರುತ್ತಿದ್ದ. ಅವನ ಹೆಂಡತಿ ನನ್ನ ಹತ್ತಿರ ದೂರು ಹೇಳಿದ್ದಳು: "ಮನೆ ಸಾರ್ಗ ಉಪ್ಪಿಲ್ಲ ಅಂದ್ರೂ ಕೊಡಾಕಿಲ್ಲ ಕಣಣ್ಣ ಇವ್ನು."

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಒಳ್ಳೆಯ ಕತೆ. ನಿಲ್ಲಿಸಬೇಕು ಅಂತಲೂ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಸತ್ತೇಗಾಲದ ಬಸ್ಸು ಓಡಿಸುತ್ತಿದ್ದ ಪುಟ್ಟಸ್ವಾಮಿ ಎದುರಿಗೆ ಕೂತಿದ್ದ. ಅವನಿಗೆ ನನ್ನನ್ನು ಕೆಣಕದಿದ್ದರೆ ಕಾಫಿ ಇಳಿಯದು.

"ಏನ್ಲಾ ಮಾದಪ್ಪ, ಇನ್ನೂ ಪ್ಯಾಟೆಯವ್ರ್ಗ ಜಿಂಕೆ ಬಾಲ ತೋರ್ಸಿಯೇ ಹೊಟ್ಟೆ ಒರ್ಕತಾ ಇದ್ದಿಯಾ?"

"ಲೇ, ನಾನು ಕರೆದ್ರ ಕಾಟಿ ಬತ್ತದ ಕಣ್ಲಾ. ನಾಯಿ ಬಂದಂಗ ಬತ್ತದ."

"ಓಹೋ! ಬಂದು ನಿನ್ಗ ನಮಸ್ಕಾರ ಮಾಡ್ತದಾ? ಲೋ ಮಾಣಿ, ಮಾದಪ್ಪನ ಕಾಟಿಗೂ ಒಂದು ಕಾಫಿ ತಾರ್ಲಾ!"

ಹೋಟೆಲು ಹೋಟೆಲೇ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಉಪ್ಪು, ಡಬ್ಬ, ಮೂರು ಪೆಟ್ಟು, ಸಂಜೆಯ ಹೊತ್ತು, ಎಲ್ಲ ಹೇಳಿದೆ. ಪಕ್ಕದ ಮೇಜಿನಲ್ಲಿ ಖಾಕಿ ಚಡ್ಡಿಯ ಒಬ್ಬ ಅಪರಿಚಿತ ಇದ್ದ. ಅವನು ನಗಲಿಲ್ಲ. ಬಹಳ ಮರ್ಯಾದೆಯಿಂದ, "ನೀವು ಹೇಳೋದು ನಿಜ ಇರಬೇಕು ಸ್ವಾಮಿ, ಪ್ರಾಣಿ ಅಭ್ಯಾಸಕ್ಕೆ ಬೀಳುತ್ತೆ. ಯಾವ ಕಡೆ ಬರುತ್ತೆ ಅದು?" ಎಂದು ಕೇಳಿದ. ಅಷ್ಟು ಜನರಲ್ಲಿ ನನ್ನನ್ನು ನಂಬಿದವನು ಅವನೊಬ್ಬನೇ. ನಾನು ಲೋಟದ ನೀರಿಗೆ ಬೆರಳದ್ದಿ ಮೇಜಿನ ಮೇಲೆ ಗೇಟು ಬರೆದೆ, ದಾರಿ ಬರೆದೆ, ತಿರುವು ಬರೆದೆ, ಹಾಸುಗಲ್ಲಿಗೆ ಒಂದು ಚುಕ್ಕೆ ಇಟ್ಟೆ. ಆ ಹೋಟೆಲಿನ ಫ್ಯಾನಿನ ಗಾಳಿಗೆ ಗೆರೆ ಆರುವುದರೊಳಗೆ ಅವನು ಪೂರ್ತಿ ನೋಡಿಕೊಂಡ.

ಎಂಟು ದಿನಕ್ಕೆ ಡಾಕ್ಟರು ಮೂವರು ಹೊಸಬರನ್ನು ಕರೆದುಕೊಂಡು ಬಂದರು. ಡಬ್ಬ ಬಡಿದೆ. ಅರ್ಧ ಗಂಟೆಯಾದರೂ ತಾತ ಬರಲಿಲ್ಲ. ಮತ್ತೆ ಬಡಿದೆ. ಜಡೆಯ ಮೂಗು ಎತ್ತಿ ಗಾಳಿ ನೋಡಿದ, ಕೆಳಗೆ ಧುಮುಕಿ ಹಾಸುಗಲ್ಲಿನ ಆಚೆ ಹೋದ. ಅಲ್ಲಿಂದ ಕೂಗಲಿಲ್ಲ, ಕೈ ಬೀಸಲೂ ಇಲ್ಲ. ನಾವೇ ಹೋದೆವು.

ತಲೆ ಇರಲಿಲ್ಲ. ಕೊಂಬಿನ ಆಸೆಗೆ ಕತ್ತಿನವರೆಗೆ ಕೊಯ್ದುಕೊಂಡು ಹೋಗಿದ್ದರು. ಉಳಿದದ್ದನ್ನು ಹಂದಿಗಳೂ ಹದ್ದುಗಳೂ ಎಳೆದಾಡಿದ್ದವು. ಬಿಳಿ ಕಾಲುಚೀಲ ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ನನ್ನದಲ್ಲದ ಜೀಪಿನ ಚಕ್ರದ ಗುರುತು. ಇನ್ನೊಂದು ಸೀಮೆಎಣ್ಣೆ ಡಬ್ಬ, ಹೊಸದು, ಮೂರು ಕಡೆ ನೆಗ್ಗಿತ್ತು.

ಜಡೆಯ ಕುಕ್ಕರುಗಾಲಿನಲ್ಲಿ ಕೂತ. "ಕೂಗುದ್ರು ಅಂತ ಬಂದವ್ನ ಕಣಣ್ಣ. ನಾವೇ ಅನ್ಕಂಡು ಬಂದವ್ನ" ಎಂದ. ಸ್ವಲ್ಪ ಹೊತ್ತಿಗೆ ತನ್ನ ಬಾಯಿಯ ಮೇಲೆ ತಾನೇ ಎರಡೇಟು ಹೊಡೆದುಕೊಂಡ. ಡಾಕ್ಟರು ಓಡಿಹೋಗಿ ಕೈ ಹಿಡಿದುಕೊಂಡರು.

"ನಾನೇ ಸಾ, ನಾನೇ. ಓದ ತಿಂಗ್ಳು ಉಪ್ಪುನ್ ಅಂಗ್ಡಿಲಿ, ಏನ್ಲಾ ಜಡೆಯ ಇಷ್ಟೊಂದು ಉಪ್ಪು, ನಿಮ್ಮ ಪೋಡ್ನಲ್ಲಿ ಮದ್ವೆಯಾ ಅಂದ್ರು. ನಮ್ಮ ತಾತನ್ಗ ಅಂದ್ಬುಟ್ಟಿ. ಯಾವ ತಾತ ಅಂದ್ರು. ನಕ್ಕಂಡು ಯೋಳ್ಬುಟ್ಟಿ. ಗೇಟು ದಾಟಿದ ಮ್ಯಾಲ ಆಡ್ಬ್ಯಾಡ ಅಂದಿದ್ದ ನಮ್ಮಪ್ಪ. ಆಡ್ಬುಟ್ಟಿ ಸಾ."

ಉಪ್ಪಿನ ಅಂಗಡಿಯ ಮುದುಕ ಅಂಗಡಿ ಬಿಟ್ಟು ಬೀದಿಗೆ ಇಳಿದವನಲ್ಲ. ಅವನಿಗೆ ಹಾಸುಗಲ್ಲೂ ಗೊತ್ತಿಲ್ಲ, ಡಬ್ಬದ ಪೆಟ್ಟೂ ಗೊತ್ತಿಲ್ಲ. ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಿತ್ತು. ಮೇಜಿನ ಮೇಲಿನ ನೀರಿನ ಗೆರೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. 'ನೀನಲ್ಲ ಕಣೋ ಜಡೆಯ, ನಾನು' ಎಂಬ ಮಾತು ಗಂಟಲಿಗೆ ಬಂತು. ಆದರೆ ಡಾಕ್ಟರು ಇದ್ದರು. ಹೊಸಬರು ಮೂವರಿದ್ದರು. ಅವರೆದುರಿಗೆ ನಾನು ಮಾದಪ್ಪನವರು, ಕಾಡು ಬಲ್ಲವನು. ಆಮೇಲೆ ಅವನೊಬ್ಬನೇ ಇದ್ದಾಗ ಹೇಳಿದರಾಯಿತು ಎಂದುಕೊಂಡೆ. ಅಷ್ಟೇ ಅಲ್ಲ, ಇದನ್ನೂ ಬರೆದುಬಿಡುತ್ತೇನೆ: ಅವನ ಭುಜ ತಟ್ಟಿ, "ಓಗ್ಲಿ ಬುಡ್ಲಾ, ತಿಳೀದೆ ಆಡ್ದೆ" ಎಂದೆ. ನನ್ನ ತಪ್ಪನ್ನು ಅವನ ಹೆಗಲಿಗೆ ಹಾಕಿ, ಅದಕ್ಕೆ ನಾನೇ ಕ್ಷಮೆಯನ್ನೂ ಕೊಟ್ಟೆ.

ಜಡೆಯ ಅವತ್ತು ಜೀಪು ಹತ್ತಲಿಲ್ಲ. ನಡೆದೇ ಪೋಡಿಗೆ ಹೋದ. ಹದಿನೈದು ದಿನ ಬಿಟ್ಟು ನಾನು ಹೋದೆ. ಅವನ ಹೆಂಡತಿ ಹೇಳಿದಳು: "ಇನ್ ಮ್ಯಾಲ ಯಾರ್ಗೂ ಕಾಡು ತೋರ್ಸಾಕಿಲ್ಲ ಅಂತ ದೇವ್ರ ಮುಂದ ಆಣೆ ಮಾಡವ್ನ ಕಣಣ್ಣ. ಕಾಪಿ ತ್ವಾಟಕ್ಕ ಕೂಲಿಗ ಓಗವ್ನ." ತೋಟ ದೂರವೇನೂ ಇರಲಿಲ್ಲ. ಜೀಪು ತಿರುಗಿಸಿದ್ದರೆ ಅರ್ಧ ಗಂಟೆಯ ದಾರಿ. ಕೂಲಿಯವರ ನಡುವೆ ನಿಂತು ಹೇಗೆ ಹೇಳುವುದು ಎಂದು ಊರಿನ ಕಡೆ ತಿರುಗಿಸಿದೆ. ಇನ್ನೊಂದು ಸಲ ಹೋದಾಗ ಅವನು ಗುಡಿಸಲಲ್ಲೇ ಇದ್ದ. ಒಳಗಿನಿಂದ ಕೆಮ್ಮು ಕೇಳಿಸಿತು, ಹೊರಗೆ ಬರಲಿಲ್ಲ. ನನ್ನ ಮೇಲೆ ಕೋಪವೇನೂ ಅಲ್ಲ. ಅವನಿಗೆ ನನ್ನ ಮುಖ ನೋಡಲು ನಾಚಿಕೆ! ನನಗೆ ಅವನಿಗಿಂತ ಹೆಚ್ಚು. ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ.

ಅವನಿಲ್ಲದೆ ನಾನು ಎಂಥ ಗೈಡು ಎಂಬುದು ಎರಡು ಪ್ರವಾಸದಲ್ಲಿ ಬಯಲಾಯಿತು. ಒಂದು ದಿನ ಪೂರ್ತಿ ತಿರುಗಿಸಿ ಡಾಕ್ಟರಿಗೆ ನಾನು ತೋರಿಸಿದ್ದು ಎರಡು ನವಿಲು, ಒಂದು ಹುತ್ತ. ಹುತ್ತವನ್ನು ಕರಡಿ ಎಂದಿದ್ದೆ. ಡಾಕ್ಟರು ನಗಲಿಲ್ಲ. "ಜಡೆಯ ಬರೋದಿಲ್ವೇನಪ್ಪ ಇನ್ನು?" ಎಂದಷ್ಟೇ ಕೇಳಿದರು. ಆಮೇಲೆ ಅವರು ಬರುವುದೂ ನಿಂತಿತು. ಜೀಪು ಮಾರಿ ಲಾರಿಗೆ ಸೇರಿದೆ, ಹನೂರಿನ ಕಡೆಯಿಂದ ಕೊಳ್ಳೇಗಾಲಕ್ಕೆ ರಾಗಿ, ಹುಣಸೆ ಹೇರುವುದು. ಲಾರಿಯಲ್ಲಿ ಯಾರಿಗೂ ಏನೂ ತೋರಿಸಬೇಕಾಗಿಲ್ಲ.

ಹೀಗೆ ಹತ್ತು ವರ್ಷ ಕಳೆಯಿತು. ಹೋದ ವರ್ಷ ಶಾಗ್ಯದ ಹತ್ತಿರ ಖಾಲಿ ಲಾರಿ ಹೊಡೆದುಕೊಂಡು ಹನೂರಿಗೆ ಹೋಗುತ್ತಿದ್ದೆ. ಹತ್ತು ಗಂಟೆಯ ಬಿಸಿಲು. ಹುಣಸೇಮರದ ಕೆಳಗೆ ಗಂಟು ಇಟ್ಟುಕೊಂಡು ಒಬ್ಬ ಕೂತಿದ್ದ. ಕೂತ ರೀತಿಯಲ್ಲೇ ಗೊತ್ತಾಯಿತು. ಬ್ರೇಕ್ ಹಾಕಿದೆ.

"ಹತ್ತು ಜಡೆಯ."

ಅವನು ಮುಖ ಎತ್ತಿ ದನಿ ಬಂದ ಕಡೆ ತಿರುಗಿದ. "ಮಾದಪ್ಪಣ್ಣನಾ? ನಿನ್ನ ದನಿ ಗಡಸಾಗದಲ್ಲಾ!" ಎಂದು ನಕ್ಕ. ಮಗಳನ್ನು ಆ ಕಡೆ ಕೊಟ್ಟಿದ್ದನಂತೆ, ನೋಡಿಕೊಂಡು ಬರಲು ಹೊರಟಿದ್ದ. ಕೈ ನೀಡಿ ಎಳೆದುಕೊಂಡೆ. ಪಕ್ಕದಲ್ಲಿ ಕೂತ. ಮಳೆ, ಮಗಳು, ಕಾಫಿ ತೋಟದ ಮೇಸ್ತ್ರಿಯ ಬಾಯಿ, ಎಲ್ಲ ಮಾತಾಡಿದೆವು. ತಾತನ ಮಾತು ಇಬ್ಬರೂ ಎತ್ತಲಿಲ್ಲ. ಹನೂರು ಹತ್ತಿರವಾಗುತ್ತ ಬಂತು. ಇವತ್ತು ಬಿಟ್ಟರೆ ಇನ್ನಿಲ್ಲ ಅನ್ನಿಸಿತು. ಲಾರಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿದೆ. ರಸ್ತೆಯನ್ನೇ ನೋಡಿಕೊಂಡು ಹೋಟೆಲು, ಪುಟ್ಟಸ್ವಾಮಿಯ ಕೀಟಲೆ, ಖಾಕಿ ಚಡ್ಡಿಯವನು, ಮೇಜಿನ ಮೇಲಿನ ನೀರು, ಒಂದೂ ಬಿಡದೆ ಹೇಳಿದೆ.

ಒಂದು ಎತ್ತಿನ ಗಾಡಿ ನಮ್ಮನ್ನು ದಾಟಿ ಹೋಗಿ ತಿರುವಿನಲ್ಲಿ ಮರೆಯಾಯಿತು.

"ಆವತ್ತೇ ಯೋಳ್ಬಾರ್ದಾಗಿತ್ತಾ ಅಣ್ಣ?"

"ಯೋಳಿದ್ರ ಏನ್ ಮಾಡ್ತಿದ್ದೆ?"

"ಎಲ್ಡು ದಿನ ಬೋದೀರ್ತಿದ್ದಿ. ನಿನ್ನ ಬಾಯ್ಗ ಮಣ್ಣಾಕ ಅಂದೀರ್ತಿದ್ದಿ" ಎಂದ. "ಮೂರ್ನೆ ದಿನ ಬಂದು ಜೀಪ್ ಮ್ಯಾಲ ಕೂತೀರ್ತಿದ್ದಿ."

"ಈಗ ಬಾ. ಜೀಪು ಒಂದಿಸ್ತೀನಿ. ಡಾಕ್ಟ್ರಿಗ ಕಾಗದ ಬರಸ್ತೀನಿ" ಎಂದೆ.

"ಆಣೆ ತೀರ್ತು ಬುಡು, ತಪ್ಪು ನಂದಲ್ಲ ಅಂದ್ಮ್ಯಾಲ. ಆದ್ರ ಕಣ್ಣು ಮಂಜಾಗವ ಕಣಣ್ಣ. ಮೂರು ವರ್ಸಾಯ್ತು. ಹತ್ರುದ್ದು ಬಣ್ಣ ಕಂಡದು, ದೂರುದ್ದು ಇಲ್ಲ." ಇದನ್ನು ಅವನು ದೂರು ಕೊಡುವ ಹಾಗೆ ಹೇಳಲಿಲ್ಲ. ಬಾವಿಯಲ್ಲಿ ನೀರು ಇಳಿದಿದೆ ಎನ್ನುವ ಹಾಗೆ ಹೇಳಿದ. ಹಾಗಾದರೆ ಮೊದಲಿನ ಏಳು ವರ್ಷ ಅವನ ಕಣ್ಣು ಚೆನ್ನಾಗಿತ್ತು. ಏಳು ವರ್ಷ ಆ ಕಣ್ಣು ಕಾಫಿ ಗಿಡದ ಬುಡ ನೋಡಿಕೊಂಡಿತ್ತು.

ಹನೂರಿನಲ್ಲಿ ಇಳಿದ. ಬಸ್ಸು ರಸ್ತೆಯ ಆಚೆ ನಿಲ್ಲುತ್ತಿತ್ತು. ಕೈ ಹಿಡಿದು ದಾಟಿಸಲೆಂದು ನಾನು ಇಳಿಯುವಷ್ಟರಲ್ಲಿ ಬೇಡ ಎಂದು ಕೈ ಆಡಿಸಿದ. ಗಂಟನ್ನು ಹೆಗಲಿಗೇರಿಸಿ ರಸ್ತೆಯ ಅಂಚಿಗೆ ಬಂದು ನಿಂತ. ಆ ಕಡೆ ನೋಡಲಿಲ್ಲ, ಈ ಕಡೆ ನೋಡಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಕಿವಿ ಕೊಟ್ಟ. ಒಂದು ಬಸ್ಸು ಹೋಗುವವರೆಗೆ ನಿಂತ, ಒಂದು ಸೈಕಲ್ಲು ಹೋಗುವವರೆಗೆ ನಿಂತ, ಸದ್ದೆಲ್ಲ ಇಳಿದ ಮೇಲೆ ಮೆಲ್ಲಗೆ ರಸ್ತೆ ದಾಟಿದ.